ವರ್ಣಭೇದದ ತಡೆ ದಾಟಿದ ಆಟಗಾರರ ಕಥೆಯನ್ನು ನಮ್ಮ ಮಕ್ಕಳಿಗೆ ಹೇಳುವ ಬಗೆ

ಸಿಂಧನೂರು ಮತ್ತು ಗಂಗಾವತಿ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಕನಾಗಿದ್ದ ವರ್ಷಗಳಲ್ಲಿ ಜಾಕಿ ರಾಬಿನ್ಸನ್ ಎಂಬ ಬೇಸ್‌ಬಾಲ್ ಆಟಗಾರನ ಕಥೆಯನ್ನು ನಾನು ಹಲವು ಸಲ ಹೇಳಿದ್ದೇನೆ. ಮೊದಮೊದಲು ತಪ್ಪಾಗಿ ಹೇಳುತ್ತಿದ್ದೆ. ಅಮೆರಿಕದಲ್ಲಿ ಒಬ್ಬ ಕಪ್ಪು ವರ್ಣೀಯ ಆಟಗಾರನಿದ್ದ, ಅವನನ್ನು ಬಿಳಿಯರು ಬೈದರು, ಅವನು ತಾಳಿಕೊಂಡು ಚೆನ್ನಾಗಿ ಆಡಿದ, ಕೊನೆಗೆ ಎಲ್ಲರೂ ಅವನನ್ನು ಮೆಚ್ಚಿದರು ಎಂದು ಮುಗಿಸುತ್ತಿದ್ದೆ. ಮಕ್ಕಳು ಚಪ್ಪಾಳೆ ತಟ್ಟಿ ಎದ್ದು ಹೋಗುತ್ತಿದ್ದರು. ಒಂದು ಶನಿವಾರ ಬೆಳಗಿನ ಶಾಲೆಯಲ್ಲಿ, ಕವಾಯತು ಮುಗಿದ ಮೇಲೆ ಬೇವಿನ ಮರದ ಕೆಳಗೆ ಕುಳಿತಿದ್ದಾಗ, ಎಂಟನೆಯ ತರಗತಿಯ ಹುಡುಗಿಯೊಬ್ಬಳು, "ಸರ್, ಅವರನ್ನ ಬ್ಯಾಡ ಅಂದವರು ಯಾರ್ರೀ? ಹಂಗಂತ ಎಲ್ಲಿ ಬರದಿತ್ತು?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ತಾಳ್ಮೆಯ ಕಥೆಯನ್ನು ಹೇಳಿದ್ದೆನೇ ಹೊರತು, ಆ ತಾಳ್ಮೆ ಏಕೆ ಬೇಕಾಯಿತು ಎಂಬುದನ್ನು ನಾನೇ ಓದಿ ತಿಳಿದುಕೊಂಡಿರಲಿಲ್ಲ.

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಭಾಗದ ದೈಹಿಕ ಶಿಕ್ಷಕರಿಗೆ, ವಸತಿನಿಲಯಗಳ ಮೇಲ್ವಿಚಾರಕರಿಗೆ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳನ್ನು ನೋಡಿಕೊಳ್ಳುವವರಿಗೆ ಇದು ಉಪಯೋಗಕ್ಕೆ ಬರಬೇಕು ಎಂಬುದು ನನ್ನ ಆಸೆ. ಹೇಳಬೇಕಾದ ಮುಖ್ಯ ಮಾತು ಒಂದೇ: ಬಾಗಿಲು ದಾಟಿದವನನ್ನು ಪರಿಚಯಿಸುವ ಮೊದಲು ಬಾಗಿಲನ್ನು ತೋರಿಸಿ. ಅದನ್ನು ಯಾರು ಮುಚ್ಚಿದ್ದರು, ಯಾವ ರೀತಿಯಲ್ಲಿ ಮುಚ್ಚಿದ್ದರು, ಬೀಗದ ಕೈ ಯಾರ ಬಳಿ ಇತ್ತು ಎಂಬುದು ಸ್ಪಷ್ಟವಾಗದಿದ್ದರೆ ದಾಟಿದವನ ಸಾಧನೆಯೂ ಮಕ್ಕಳಿಗೆ ಅರ್ಥವಾಗುವುದಿಲ್ಲ.

ದಿನ ಮತ್ತು ಕಥೆಗಳ ಆಯ್ಕೆ

ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಪರವಾಗಿ ಮೊದಲ ಪಂದ್ಯ ಆಡಿದ್ದು 1947ರ ಏಪ್ರಿಲ್ 15ರಂದು. ಅದರ ಹಿಂದಿನ ದಿನ, ಅಂದರೆ ಏಪ್ರಿಲ್ 14, ನಮ್ಮ ಊರೂರಿನಲ್ಲಿಯೂ ಅಂಬೇಡ್ಕರ್ ಜಯಂತಿ. ಶಾಲೆಗೆ ರಜೆ ಬಿದ್ದಿರುತ್ತದೆ, ಆದರೆ ಮಕ್ಕಳು ಊರಿನಲ್ಲಿಯೇ ಇರುತ್ತಾರೆ, ಜಯಂತಿಗಾಗಿ ಒಂದೆಡೆ ಸೇರಿರುತ್ತಾರೆ. ಆದ್ದರಿಂದ ಅರಿವು ಕೇಂದ್ರದಲ್ಲಿ ಕಾರ್ಯಕ್ರಮ ಮಾಡುವವರಿಗೆ ಈ ಎರಡು ದಿನಗಳಷ್ಟು ಹೊಂದುವ ಸಮಯ ಬೇರೆ ಇಲ್ಲ. ಏಪ್ರಿಲ್ ತಿಂಗಳ ರಾಯಚೂರಿನ ಬಿಸಿಲನ್ನು ನೆನಪಿಟ್ಟುಕೊಂಡು ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ಐದರ ನಂತರ ಕೂಡಿಸಿ. ಶಾಲೆಯಲ್ಲಿಯೇ ಮಾಡುವುದಾದರೆ ಆಗಸ್ಟ್ 29ರ ರಾಷ್ಟ್ರೀಯ ಕ್ರೀಡಾ ದಿನ ಒಳ್ಳೆಯದು, ಏಕೆಂದರೆ ಆ ದಿನ ಆಟದ ಬಗ್ಗೆ ಮಾತನಾಡಲು ಮುಖ್ಯೋಪಾಧ್ಯಾಯರಿಂದ ಒಂದು ಅವಧಿಯನ್ನು ಕೇಳಿ ಪಡೆಯುವುದು ಕಷ್ಟವಾಗುವುದಿಲ್ಲ.

ನಲವತ್ತು ನಿಮಿಷಗಳಲ್ಲಿ ಎರಡು ಕಥೆಗಳಿಗಿಂತ ಹೆಚ್ಚು ಹೇಳಬೇಡಿ. ಹತ್ತು ಹೆಸರುಗಳನ್ನು ಓದಿ ಹೇಳಿದರೆ ಅದು ಸಾಮಾನ್ಯ ಜ್ಞಾನದ ಪ್ರಶ್ನೋತ್ತರವಾಗುತ್ತದೆ. ಒಂದು ಕಥೆ ನಮ್ಮ ನೆಲದ್ದಾಗಿರಲಿ, ಇನ್ನೊಂದು ದೂರದ್ದಾಗಿರಲಿ. ನಾನು ನಮ್ಮ ದೇಶದ ಕ್ರಿಕೆಟ್ ಬೌಲರ್ ಪಾಲವಣಕರ ಬಾಳೂ ಅವರಿಂದ ಆರಂಭಿಸಿ ರಾಬಿನ್ಸನ್ನರ ಕಡೆಗೆ ಹೋಗುತ್ತೇನೆ. ಉಳಿದವರನ್ನು ಮುಂದಿನ ವಾರಗಳಿಗೆ ಇಟ್ಟುಕೊಳ್ಳುತ್ತೇನೆ.

ಹತ್ತಿರದ ಕಥೆಯಿಂದ ಆರಂಭಿಸುವುದು

ಬಾಳೂ ಹುಟ್ಟಿದ್ದು 1876ರಲ್ಲಿ, ಧಾರವಾಡದಲ್ಲಿ. ಇದನ್ನು ಹೇಳಿದ ಕೂಡಲೇ ಮಕ್ಕಳು ನೆಟ್ಟಗೆ ಕುಳಿತುಕೊಳ್ಳುತ್ತಾರೆ, ಏಕೆಂದರೆ ಧಾರವಾಡ ಅವರ ಅಕ್ಕನೋ ಅಣ್ಣನೋ ಓದಲು ಹೋದ ಊರು. ಚಮ್ಮಾರ ಸಮುದಾಯದ ಈ ಹುಡುಗ ಪುಣೆಯಲ್ಲಿ ಮೊದಲು ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ ತಿಂಗಳಿಗೆ ಮೂರು ರೂಪಾಯಿಗೆ ಅಂಗಣ ಗುಡಿಸುವ, ಪಿಚ್ಚಿಗೆ ರೋಲರ್ ಎಳೆಯುವ ಕೆಲಸ ಮಾಡಿದ. ಆಮೇಲೆ ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ನಾಲ್ಕು ರೂಪಾಯಿಗೆ ಸೇರಿದ. ಅಲ್ಲಿ ಅಭ್ಯಾಸದ ಬಲೆಯಲ್ಲಿ ಇಂಗ್ಲಿಷ್ ದಾಂಡಿಗರಿಗೆ ಗಂಟೆಗಟ್ಟಲೆ ಎಡಗೈ ಸ್ಪಿನ್ ಬೌಲ್ ಮಾಡುತ್ತ, ದೇಶದ ಅತ್ಯುತ್ತಮ ಬೌಲರುಗಳಲ್ಲಿ ಒಬ್ಬನಾದ. ಅವನಿಗೆ ಬೌಲ್ ಮಾಡಲು ಕರೆಯುತ್ತಿದ್ದರೇ ಹೊರತು ಬ್ಯಾಟು ಕೊಡುತ್ತಿರಲಿಲ್ಲ.

ಪುಣೆಯ ಹಿಂದೂಗಳಿಗೆ ಯುರೋಪಿಯನ್ನರನ್ನು ಸೋಲಿಸಬೇಕಿತ್ತು, ಅದಕ್ಕೆ ಬಾಳೂ ಬೇಕಿದ್ದರು. ಅವರನ್ನು ತಂಡಕ್ಕೆ ಸೇರಿಸಿಕೊಂಡರು. ಅಂಗಣದಲ್ಲಿ ಎಲ್ಲರೂ ಮುಟ್ಟಿದ ಅದೇ ಚೆಂಡನ್ನು ಅವರೂ ಮುಟ್ಟಿದರು. ಚಹಾ ವಿರಾಮ ಬಂದಾಗ ಮಾತ್ರ ಉಳಿದವರು ಪೆವಿಲಿಯನ್ನಿನೊಳಗೆ ಪಿಂಗಾಣಿ ಕಪ್ಪಿನಲ್ಲಿ ಕುಡಿದರು; ಬಾಳೂ ಅವರಿಗೆ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ ಕೊಟ್ಟರು. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು. ಕಥೆ ಹೇಳುವವರು ಇಲ್ಲಿ ಸ್ವಲ್ಪ ಹೊತ್ತು ಸುಮ್ಮನಿರಬೇಕು. ನಮ್ಮ ಭಾಗದ ಮಕ್ಕಳಿಗೆ ಹೋಟೆಲಿನ ಬೇರೆ ಲೋಟದ ವಿಷಯ ಗೊತ್ತಿಲ್ಲದ್ದಲ್ಲ. ನೋಡಿದವರಿರುತ್ತಾರೆ, ಅಜ್ಜನಿಂದ ಕೇಳಿದವರಿರುತ್ತಾರೆ, ಆ ಲೋಟ ಇಟ್ಟ ಮನೆಯವರೂ ಅದೇ ಸಾಲಿನಲ್ಲಿ ಕುಳಿತಿರುತ್ತಾರೆ. ನೀವು ವಿವರಿಸಬೇಕಾಗಿಲ್ಲ. ಅವರವರೇ ಯೋಚಿಸಲು ಬಿಡಿ.

ಅನಂತರ ಫಲಿತಾಂಶ ಹೇಳಿ. 1906ರಲ್ಲಿ ಬೊಂಬಾಯಿಯಲ್ಲಿ ಹಿಂದೂಗಳ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿತು, ಆ ಗೆಲುವಿನಲ್ಲಿ ಬಾಳೂ ಅವರ ಬೌಲಿಂಗಿನ ಪಾತ್ರ ದೊಡ್ಡದು. 1911ರಲ್ಲಿ ಪಟಿಯಾಲಾ ಮಹಾರಾಜರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋದ ತಂಡ ಹೆಚ್ಚಿನ ಪಂದ್ಯಗಳನ್ನು ಸೋತರೂ ಬಾಳೂ ಒಬ್ಬರೇ ನೂರಕ್ಕೂ ಹೆಚ್ಚು ವಿಕೆಟ್ ಪಡೆದು ಬಂದರು. ಪ್ರಥಮ ದರ್ಜೆಯ 33 ಪಂದ್ಯಗಳಲ್ಲಿ ಅವರು ಪಡೆದದ್ದು 179 ವಿಕೆಟ್. ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲಿಲ್ಲ. ಅದು ಸಿಕ್ಕಿದ್ದು 1923ರಲ್ಲಿ, ಅವರ ತಮ್ಮ ವಿಠ್ಠಲನಿಗೆ. ಜಯಂತಿಯ ದಿನ ಹೇಳುವವರು ಇನ್ನೊಂದು ಸಂಗತಿಯನ್ನು ಮುಚ್ಚಿಡಬಾರದು: 1937ರ ಚುನಾವಣೆಯಲ್ಲಿ ಬಾಳೂ ಕಾಂಗ್ರೆಸ್ ಪರವಾಗಿ ಡಾ. ಅಂಬೇಡ್ಕರರ ಎದುರಿಗೇ ನಿಂತು ಸೋತರು. ಅವರನ್ನು ಗೌರವಿಸಿದ್ದ ಅಂಬೇಡ್ಕರರಿಗೂ ಅವರಿಗೂ ರಾಜಕೀಯದಲ್ಲಿ ಭಿನ್ನಾಭಿಪ್ರಾಯವಿತ್ತು. ಇದನ್ನು ಹೇಳಿದರೆ ಕಥೆ ಕೆಡುತ್ತದೆ ಎಂದು ಕೆಲವರು ನನಗೆ ಹೇಳಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಇದರಿಂದಲೇ ಬಾಳೂ ಅವರು ಗೋಡೆಯ ಮೇಲಿನ ಚಿತ್ರವಾಗದೆ ಬದುಕಿದ್ದ ಮನುಷ್ಯರಾಗಿ ಕಾಣಿಸುತ್ತಾರೆ.

ಇಲ್ಲಿಂದ ಅಮೆರಿಕಕ್ಕೆ ಹೋಗುವಾಗ ಒಂದು ಎಚ್ಚರ ಬೇಕು. ಜಾತಿಭೇದ ಮತ್ತು ವರ್ಣಭೇದ ಒಂದೇ ಎಂದು ಹೇಳಬೇಡಿ. ಅಮೆರಿಕದ ಕಪ್ಪು ವರ್ಣೀಯರ ಪೂರ್ವಜರನ್ನು ಆಫ್ರಿಕಾದಿಂದ ಗುಲಾಮರನ್ನಾಗಿ ಹಡಗಿನಲ್ಲಿ ತಂದು ಮಾರಿದ್ದರು. 1865ರಲ್ಲಿ ಗುಲಾಮಗಿರಿ ಕೊನೆಗೊಂಡ ಮೇಲೂ ದಕ್ಷಿಣದ ರಾಜ್ಯಗಳು ಶಾಲೆ, ಬಸ್ಸು, ನೀರಿನ ನಲ್ಲಿಗಳನ್ನು ಬಣ್ಣದ ಆಧಾರದ ಮೇಲೆ ಬೇರೆ ಮಾಡುವ ಕಾನೂನುಗಳನ್ನು ಮಾಡಿದವು. ನಮ್ಮಲ್ಲಿಯ ಭೇದಕ್ಕೆ ಬಣ್ಣ ಬೇಕಿಲ್ಲ, ಹುಟ್ಟು ಸಾಕು. ಎರಡರ ಇತಿಹಾಸ ಬೇರೆ. ಆಟದ ಅಂಗಣದ ಅಂಚಿಗೆ ಬಂದಾಗ ಎರಡೂ ಕೆಲಸ ಮಾಡುವ ರೀತಿ ಮಾತ್ರ ಬೆರಗಾಗುವಷ್ಟು ಹೋಲುತ್ತದೆ: ಕೈಯ ಚಳಕ ಬೇಕು, ಆ ಕೈ ಮುಟ್ಟಿದ ಪಾತ್ರೆ ಬೇಡ.

ರಾಬಿನ್ಸನ್ನರ ಕಥೆ: ಮೊದಲು ಅಂಗಣ ಹಾಕಿ

ನಮ್ಮ ಮಕ್ಕಳು ಬೇಸ್‌ಬಾಲ್ ನೋಡಿರುವುದಿಲ್ಲ. ಮಾತಿನಲ್ಲಿ ವಿವರಿಸುತ್ತ ಹೋದರೆ ಹತ್ತು ನಿಮಿಷ ವ್ಯರ್ಥವಾಗುತ್ತದೆ, ಆದ್ದರಿಂದ ಸುಣ್ಣದ ಪುಡಿಯಿಂದ ಅಂಗಣವನ್ನೇ ಹಾಕಿಬಿಡಿ. ಓರೆಯಾಗಿ ನಿಲ್ಲಿಸಿದ ಚೌಕ, ನಾಲ್ಕು ಮೂಲೆಗಳಲ್ಲಿ ನಾಲ್ಕು ನಿಲ್ದಾಣ. ಒಂದು ಮೂಲೆಯಿಂದ ಇನ್ನೊಂದಕ್ಕೆ 90 ಅಡಿ, ಅಂದರೆ 27 ಮೀಟರಿಗಿಂತ ತುಸು ಹೆಚ್ಚು. ಖೋ ಖೋ ಅಂಗಣದ ಉದ್ದವೂ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಅಳತೆ ಪಟ್ಟಿ ಇಲ್ಲದಿದ್ದರೂ ಕೆಲಸ ನಡೆಯುತ್ತದೆ. ದಾಂಡಿಗ ಚೆಂಡನ್ನು ಹೊಡೆದು ನಾಲ್ಕೂ ನಿಲ್ದಾಣಗಳನ್ನು ಸುತ್ತಿ ಮೊದಲ ಜಾಗಕ್ಕೆ ಬಂದರೆ ಒಂದು ರನ್. ಯಾರೂ ಹೊಡೆಯದೆಯೇ, ಚೆಂಡೆಸೆಯುವವನ ಕಣ್ಣು ತಪ್ಪಿಸಿ ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಓಡುವುದಕ್ಕೆ ಕದಿಯುವುದು ಎನ್ನುತ್ತಾರೆ. ಇದನ್ನು ಇಬ್ಬರು ಹುಡುಗಿಯರಿಂದ ಓಡಿಸಿ ತೋರಿಸಿ. ಖೋ ಖೋ ಆಡುವ ಮಕ್ಕಳು ಇದನ್ನು ಎರಡೇ ನಿಮಿಷಗಳಲ್ಲಿ ಹಿಡಿದುಕೊಳ್ಳುತ್ತಾರೆ. ರಾಬಿನ್ಸನ್ ಅತ್ಯಂತ ಕಠಿಣವಾದ ಕೊನೆಯ ನಿಲ್ದಾಣವನ್ನು ತನ್ನ ಆಟದ ಬದುಕಿನಲ್ಲಿ 19 ಸಲ ಕದ್ದವರು ಎಂದು ಆಗ ಹೇಳಿದರೆ ಅದರ ಬೆಲೆ ಅವರಿಗೆ ಗೊತ್ತಾಗುತ್ತದೆ.

ಈಗ ಬಾಗಿಲು. 1884ರಲ್ಲಿ ಟೊಲೆಡೊ ತಂಡದ ಪರವಾಗಿ ಮೋಸಸ್ ಫ್ಲೀಟ್‌ವುಡ್ ವಾಕರ್ ಎಂಬ ಕಪ್ಪು ವರ್ಣೀಯ ಆಟಗಾರ ಅಮೆರಿಕದ ಉನ್ನತ ಮಟ್ಟದ ಲೀಗಿನಲ್ಲಿ ಆಡಿದ್ದರು. ಅಂದರೆ ಬಾಗಿಲು ಮೊದಲಿನಿಂದ ಮುಚ್ಚಿರಲಿಲ್ಲ, ಅದನ್ನು ಆಮೇಲೆ ಮುಚ್ಚಿದರು. ಹೇಗೆ? ಆ ಹುಡುಗಿಯ ಪ್ರಶ್ನೆಗೆ ಉತ್ತರ ಇಲ್ಲಿದೆ: ಬೇಸ್‌ಬಾಲಿನ ದೊಡ್ಡ ಲೀಗುಗಳಲ್ಲಿ ಅದು ಎಲ್ಲಿಯೂ ಬರೆದಿರಲಿಲ್ಲ. ತಂಡಗಳ ಮಾಲೀಕರು ತಮ್ಮತಮ್ಮೊಳಗೆ ಮಾಡಿಕೊಂಡ, ಬಾಯಿಬಿಟ್ಟು ಹೇಳದ ಒಪ್ಪಂದವದು. ಬರೆಯದ ನಿಯಮವನ್ನು ಯಾರೂ ತಿದ್ದಲಾರರು, ಯಾವ ನ್ಯಾಯಾಲಯದ ಮುಂದೆಯೂ ಇಡಲಾರರು. ಕೇಳಿದರೆ ಅಂಥ ನಿಯಮವೇ ಇಲ್ಲ ಎನ್ನುತ್ತಾರೆ. ಹೀಗೆ ಆರು ದಶಕಗಳು ಕಳೆದವು.

ಆ ಅವಧಿಯಲ್ಲಿ ಹೊರಗುಳಿದವರು ಕೈಕಟ್ಟಿ ಕುಳಿತಿರಲಿಲ್ಲ. ಅವರು ನೀಗ್ರೋ ಲೀಗ್ ಎಂಬ ತಮ್ಮದೇ ಪಂದ್ಯಾವಳಿಗಳನ್ನು ಕಟ್ಟಿದರು. ಸ್ಯಾಚೆಲ್ ಪೇಜ್, ಜೋಷ್ ಗಿಬ್ಸನ್ ಅವರಂಥ ಅಸಾಧಾರಣ ಆಟಗಾರರು ಅಲ್ಲಿ ಬೆಳೆದರು. ಪಿಟ್ಸ್‌ಬರ್ಗ್ ಕೊರಿಯರ್ ಪತ್ರಿಕೆಯ ವೆಂಡೆಲ್ ಸ್ಮಿತ್ ಅವರಂಥ ಕಪ್ಪು ವರ್ಣೀಯ ಪತ್ರಕರ್ತರು ಬಾಗಿಲು ತೆರೆಯಿರೆಂದು ವರ್ಷಗಟ್ಟಲೆ ಬರೆದರು. ರಾಬಿನ್ಸನ್ ಅವರ ಕಥೆಯಲ್ಲಿ ಅವರನ್ನು ಬ್ರೂಕ್ಲಿನ್ ತಂಡಕ್ಕೆ ಕರೆತಂದ, ಆ ತಂಡವನ್ನು ನಡೆಸುತ್ತಿದ್ದ ಬ್ರಾಂಚ್ ರಿಕಿಯವರನ್ನು ಮಾತ್ರ ಹೊಗಳಿ ಈ ಭಾಗವನ್ನು ಬಿಟ್ಟರೆ, ಒಬ್ಬ ದಯಾಳು ಯಜಮಾನ ಬಾಗಿಲು ತೆರೆದ ಎಂಬ ಅರ್ಥ ಮಕ್ಕಳ ಮನಸ್ಸಿನಲ್ಲಿ ಉಳಿಯುತ್ತದೆ. ರಿಕಿ ಧೈರ್ಯ ತೋರಿದ್ದು ನಿಜ. ಒತ್ತಡ ಹೊರಗಿನಿಂದ ಬಂದಿತ್ತು ಎಂಬುದೂ ಅಷ್ಟೇ ನಿಜ. ರಾಬಿನ್ಸನ್ ಅವರನ್ನು ಬಿಟ್ಟುಕೊಟ್ಟ ನೀಗ್ರೋ ಲೀಗಿನ ಕಾನ್ಸಾಸ್ ಸಿಟಿ ಮೊನಾರ್ಕ್ಸ್ ತಂಡಕ್ಕೆ ರಿಕಿ ಒಂದು ಡಾಲರನ್ನೂ ಕೊಡಲಿಲ್ಲ.

ರಾಬಿನ್ಸನ್ ಸ್ವಭಾವತಃ ಸುಮ್ಮನಿರುವವರಾಗಿರಲಿಲ್ಲ ಎಂಬುದನ್ನು ತಪ್ಪದೆ ಹೇಳಿ. 1944ರ ಜುಲೈನಲ್ಲಿ, ಟೆಕ್ಸಾಸಿನ ಸೇನಾ ಶಿಬಿರದಲ್ಲಿ ಅಧಿಕಾರಿಯಾಗಿದ್ದಾಗ, ಬಸ್ಸಿನ ಚಾಲಕ ಹಿಂದಿನ ಸೀಟಿಗೆ ಹೋಗೆಂದು ಹೇಳಿದ್ದಕ್ಕೆ ಅವರು ಒಪ್ಪಲಿಲ್ಲ. ಸೇನಾ ನ್ಯಾಯಾಲಯದಲ್ಲಿ ವಿಚಾರಣೆ ನಡೆಯಿತು, ನಿರ್ದೋಷಿ ಎಂದು ತೀರ್ಪು ಬಂತು. ಇದೇ ಮನುಷ್ಯ 1945ರ ಆಗಸ್ಟ್ 28ರಂದು ರಿಕಿಯವರ ಕೋಣೆಯಲ್ಲಿ ಕುಳಿತು, ಆರಂಭದ ವರ್ಷಗಳಲ್ಲಿ ಯಾರು ಏನೇ ಅಂದರೂ ತಿರುಗಿ ಬೀಳುವುದಿಲ್ಲ ಎಂದು ಒಪ್ಪಿಕೊಂಡರು. ಅದು ಲೆಕ್ಕ ಹಾಕಿ ಮಾಡಿಕೊಂಡ ತೀರ್ಮಾನ. ತಾನು ಒಮ್ಮೆ ಕೈ ಎತ್ತಿದರೆ ಬಾಗಿಲು ಮತ್ತೆ ಮುಚ್ಚುತ್ತದೆ, ಅದಕ್ಕೆ ತನ್ನನ್ನೇ ಕಾರಣ ಮಾಡುತ್ತಾರೆ ಎಂದು ಅವರಿಗೆ ಗೊತ್ತಿತ್ತು. ಈ ಹಿನ್ನೆಲೆಯಿಲ್ಲದೆ ಅವರ ಮೌನವನ್ನು ಮಾತ್ರ ಹೊಗಳಿದರೆ, ಅವಮಾನವಾದಾಗ ಬಾಯಿ ಮುಚ್ಚಿಕೊಂಡಿರಿ ಎಂದು ನಾವು ಮಕ್ಕಳಿಗೆ ಕಲಿಸಿದಂತಾಗುತ್ತದೆ. ನಾನು ಬಹುಕಾಲ ಹಾಗೆಯೇ ಕಲಿಸಿದೆ ಎಂಬ ನೋವು ನನಗಿದೆ.

1946ರಲ್ಲಿ ಮಾಂಟ್ರಿಯಲ್ ತಂಡದಲ್ಲಿ ಒಂದು ವರ್ಷ ಆಡಿ, ಮರುವರ್ಷ ಏಪ್ರಿಲ್ 15ರಂದು ಬ್ರೂಕ್ಲಿನ್ನಿನ ಎಬೆಟ್ಸ್ ಫೀಲ್ಡ್ ಅಂಗಣಕ್ಕೆ ಇಳಿದರು. ಆ ದಿನ ಅವರಿಗೆ ಒಂದೂ ಹಿಟ್, ಅಂದರೆ ಚೆಂಡನ್ನು ಹೊಡೆದು ನಿಲ್ದಾಣ ತಲುಪಿಸುವಂಥ ಒಳ್ಳೆಯ ಹೊಡೆತ, ಸಿಗಲಿಲ್ಲ. ಈ ಸಂಗತಿಯನ್ನು ನಾನು ಎಂದೂ ಬಿಡುವುದಿಲ್ಲ, ಏಕೆಂದರೆ ಮೊದಲ ದಿನವೇ ಅದ್ಭುತ ನಡೆಯಬೇಕೆಂದು ಕಾಯುವ ಮಕ್ಕಳಿಗೆ ಇದು ತಿಳಿದಿರಬೇಕು. ಅವರನ್ನು ಸೇರಿಸಬಾರದೆಂದು ಸ್ವಂತ ತಂಡದ ಕೆಲವರು ಅರ್ಜಿ ಬರೆಯಲು ಹೊರಟಿದ್ದರು. ಫಿಲಡೆಲ್ಫಿಯಾ ತಂಡದ ವ್ಯವಸ್ಥಾಪಕ ಬೆನ್ ಚಾಪ್‌ಮನ್ ಅಂಗಣದ ಅಂಚಿನಿಂದಲೇ ಕೊಳಕು ಮಾತುಗಳನ್ನು ಕೂಗಿದ. ವರ್ಷದ ಕೊನೆಗೆ ಲೀಗಿನಲ್ಲಿ ಅತಿ ಹೆಚ್ಚು, ಅಂದರೆ 29 ನಿಲ್ದಾಣಗಳನ್ನು ಕದ್ದು ವರ್ಷದ ಹೊಸ ಆಟಗಾರ ಪ್ರಶಸ್ತಿ ಪಡೆದರು, 1949ರಲ್ಲಿ ಲೀಗಿನ ಅತ್ಯುತ್ತಮ ಆಟಗಾರರಾದರು. ಅವರ 42 ಎಂಬ ಅಂಗಿ ಸಂಖ್ಯೆಯನ್ನು 1997ರಲ್ಲಿ ಎಲ್ಲ ತಂಡಗಳೂ ಅವರ ಹೆಸರಿಗೆ ಮೀಸಲಿಟ್ಟವು.

ದಾಟಿದ ನಂತರದ ಲೆಕ್ಕವನ್ನೂ ಹೇಳಬೇಕು. ಜೋಷ್ ಗಿಬ್ಸನ್ ಆ ಬಾಗಿಲು ತೆರೆಯುವ ಸುಮಾರು ಮೂರು ತಿಂಗಳ ಮೊದಲೇ, 1947ರ ಜನವರಿ 20ರಂದು, 35ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಸ್ಯಾಚೆಲ್ ಪೇಜ್ ದೊಡ್ಡ ಲೀಗಿಗೆ ಬಂದದ್ದು 1948ರಲ್ಲಿ, 42ನೆಯ ವಯಸ್ಸಿನಲ್ಲಿ. ಬಾಸ್ಟನ್ ರೆಡ್ ಸಾಕ್ಸ್ ತಂಡ ಮೊದಲ ಕಪ್ಪು ವರ್ಣೀಯ ಆಟಗಾರನನ್ನು ಆಡಿಸಲು 1959ರವರೆಗೆ ಕಾಯಿತು. ಒಬ್ಬರು ಒಳಗೆ ಹೋದ ಮಾತ್ರಕ್ಕೆ ಬಾಗಿಲು ತೆರೆದೇ ಇರುತ್ತದೆ ಎಂದು ತಿಳಿಯಬಾರದೆಂಬುದಕ್ಕೆ ಈ ಮೂರು ಸಂಗತಿಗಳು ಸಾಕು.

ಬಾಗಿಲಿನ ಬೇರೆ ಬೇರೆ ರೂಪಗಳು

ಮುಂದಿನ ವಾರಗಳಲ್ಲಿ ಹೇಳುವ ಕಥೆಗಳನ್ನು ಆಟಗಳ ಪ್ರಕಾರವಾಗಲಿ ಇಸವಿಗಳ ಪ್ರಕಾರವಾಗಲಿ ಜೋಡಿಸದೆ, ತಡೆಯ ಸ್ವರೂಪದ ಪ್ರಕಾರ ಜೋಡಿಸಿಕೊಳ್ಳುವುದು ನನಗೆ ಹೆಚ್ಚು ಉಪಯುಕ್ತವೆನಿಸಿದೆ. ಬಾಳೂ ಅವರ ಮುಂದಿದ್ದದ್ದು ರೂಢಿ. ರಾಬಿನ್ಸನ್ನರ ಮುಂದಿದ್ದದ್ದು ಬರೆಯದ ಒಪ್ಪಂದ. ಅಮೆರಿಕದ ವೃತ್ತಿಪರ ಗಾಲ್ಫ್ ಆಟಗಾರರ ಸಂಘದಲ್ಲಿ ಇದ್ದದ್ದು ಬರೆದ ನಿಯಮ: 1934ರಿಂದ 1961ರವರೆಗೆ ಬಿಳಿಯ ಜನಾಂಗದವರು ಮಾತ್ರ ಸದಸ್ಯರಾಗಬಹುದು ಎಂದು ಅದರ ನಿಯಮಾವಳಿಯಲ್ಲಿಯೇ ಇತ್ತು. ಚಾರ್ಲಿ ಸಿಫರ್ಡ್ ಎಂಬ ಆಟಗಾರ ಅದರ ವಿರುದ್ಧ ನಿಂತಾಗ ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಸ್ಟಾನ್ಲಿ ಮಾಸ್ಕ್, ಇಂಥ ನಿಯಮವಿರುವ ಸಂಘ ತಮ್ಮ ರಾಜ್ಯದ ಸಾರ್ವಜನಿಕ ಅಂಗಣಗಳಲ್ಲಿ ಪಂದ್ಯ ನಡೆಸುವಂತಿಲ್ಲ ಎಂದು ಪಟ್ಟು ಹಿಡಿದರು. ಸಂಘ ಮಣಿಯಿತು. ಸಿಫರ್ಡ್ 1967ರಲ್ಲಿ ಹಾರ್ಟ್‌ಫರ್ಡ್‌ನಲ್ಲಿ, 1969ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಗೆದ್ದರು. ಮೊದಲ ಗೆಲುವಿನ ವೇಳೆಗೆ ಅವರ ವಯಸ್ಸು ನಲವತ್ತು ದಾಟಿತ್ತು.

ಅಮೆರಿಕನ್ ಫುಟ್‌ಬಾಲಿನಲ್ಲಿಯೂ ಕೀಲಿಯಾದದ್ದು ಸಾರ್ವಜನಿಕ ಅಂಗಣವೇ. 1934ರಿಂದ 1945ರವರೆಗೆ ಅಲ್ಲಿಯ ದೊಡ್ಡ ಲೀಗಿನಲ್ಲಿ ಒಬ್ಬ ಕಪ್ಪು ವರ್ಣೀಯ ಆಟಗಾರನೂ ಇರಲಿಲ್ಲ. 1946ರಲ್ಲಿ ರ್‍ಯಾಮ್ಸ್ ತಂಡ ಲಾಸ್ ಏಂಜಲೀಸಿನ ಕೊಲಿಸಿಯಂ ಅಂಗಣವನ್ನು ಕೇಳಿದಾಗ, ಜನರ ತೆರಿಗೆಯ ಹಣದಲ್ಲಿ ಕಟ್ಟಿದ ಅಂಗಣವನ್ನು ಜನರಲ್ಲಿಯೇ ಕೆಲವರನ್ನು ಹೊರಗಿಡುವ ತಂಡಕ್ಕೆ ಏಕೆ ಕೊಡಬೇಕು ಎಂದು ಕಪ್ಪು ವರ್ಣೀಯ ಪತ್ರಕರ್ತರು ಪ್ರಶ್ನಿಸಿದರು. ತಂಡ ಕೆನ್ನಿ ವಾಷಿಂಗ್ಟನ್ ಮತ್ತು ವುಡಿ ಸ್ಟ್ರೋಡ್ ಅವರನ್ನು ಸೇರಿಸಿಕೊಂಡಿತು. ಈ ಭಾಗವನ್ನು ದೊಡ್ಡ ಮಕ್ಕಳಿಗೆ, ಅಂದರೆ ಹತ್ತನೆಯ ತರಗತಿಯವರಿಗೆ ಮತ್ತು ಪಿಯುಸಿಯವರಿಗೆ ಹೇಳುವಾಗ, ತಾಲ್ಲೂಕು ಕ್ರೀಡಾಂಗಣ ಯಾರ ಹಣದಲ್ಲಿ ಕಟ್ಟಿದ್ದು ಎಂದು ಕೇಳಿ.

ದಕ್ಷಿಣ ಆಫ್ರಿಕಾದಲ್ಲಿ ತಡೆಯನ್ನು ಕಾಯುತ್ತಿದ್ದದ್ದು ಸರ್ಕಾರವೇ. ಡರ್ಬನ್ನಿನ ಭಾರತ ಮೂಲದ ಗಾಲ್ಫ್ ಆಟಗಾರ ಪಾಪ್ವಾ ಸೆವ್‌ಗೋಲಮ್ ಅವರ ಕಥೆಯನ್ನು ಬಾಳೂ ಅವರ ಕಥೆಯ ಪಕ್ಕದಲ್ಲಿಯೇ ಇಡಬೇಕು. ಬಿಳಿಯರ ಗಾಲ್ಫ್ ಚೀಲ ಹೊರುತ್ತಿದ್ದ ಹುಡುಗ ನೋಡಿ ನೋಡಿಯೇ ಆಟ ಕಲಿತರು. ದಂಡವನ್ನು ಎಲ್ಲರೂ ಹಿಡಿಯುವ ಕ್ರಮಕ್ಕೆ ತಿರುಗುಮುರುಗಾಗಿ ಕೈಗಳನ್ನಿಟ್ಟು ಹಿಡಿಯುತ್ತಿದ್ದರು. ಯುರೋಪಿಗೆ ಹೋಗಿ ಡಚ್ ಓಪನ್ ಪಂದ್ಯಾವಳಿಯನ್ನು ಮೂರು ಸಲ ಗೆದ್ದರು. 1963ರಲ್ಲಿ ತಮ್ಮ ಊರಿನಲ್ಲಿಯೇ ನಟಾಲ್ ಓಪನ್ ಗೆದ್ದಾಗ ಮಳೆ ಸುರಿಯುತ್ತಿತ್ತು. ಬಿಳಿಯ ಆಟಗಾರರು ಕ್ಲಬ್ಬಿನೊಳಗಿದ್ದರು. ಒಳಗೆ ಕಾಲಿಡುವ ಅನುಮತಿಯಿಲ್ಲದ ವಿಜೇತರು ಹೊರಗೆ ಮಳೆಯಲ್ಲಿ ನಿಂತು ಬಹುಮಾನ ಪಡೆದರು. ಗಂಗಾವತಿ ಬಳಿಯ ಒಂದು ಊರಿನಲ್ಲಿ ಇದನ್ನು ಹೇಳಿದಾಗ ಹಿಂದಿನ ಸಾಲಿನ ಹುಡುಗನೊಬ್ಬ, "ಅವ್ರಿಗೂ ಚಾ ಹೊರಗ ಕೊಟ್ಟಂಗ ಆತಲ್ರೀ ಸರ್" ಎಂದ. ನಾನು ಹೇಳಿಕೊಡದೆಯೇ ಅವನು ಪುಣೆಯನ್ನೂ ಡರ್ಬನ್ನನ್ನೂ ಜೋಡಿಸಿದ್ದ.

ಕ್ರಿಕೆಟ್ ಹುಚ್ಚಿನ ಮಕ್ಕಳಿದ್ದರೆ ಬೇಸಿಲ್ ಡಿ'ಒಲಿವೆರಾ ಅವರ ಕಥೆ ಇರಲಿ. ಕೇಪ್‌ಟೌನಿನ ಈ ಆಟಗಾರ ಬಿಳಿಯರಲ್ಲವೆಂಬ ಕಾರಣಕ್ಕೆ ತಾಯ್ನಾಡಿಗಾಗಿ ಆಡಲಾಗದೆ 1960ರಲ್ಲಿ ಇಂಗ್ಲೆಂಡಿಗೆ ಹೋಗಿ, 1966ರಲ್ಲಿ ಇಂಗ್ಲೆಂಡಿನ ಪರವಾಗಿಯೇ ಟೆಸ್ಟ್ ಆಡಿದರು. 1968ರಲ್ಲಿ ಓವಲ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ 158 ರನ್ ಹೊಡೆದರೂ ದಕ್ಷಿಣ ಆಫ್ರಿಕಾ ಪ್ರವಾಸದ ತಂಡದಲ್ಲಿ ಅವರ ಹೆಸರು ಇರಲಿಲ್ಲ. ಟಾಮ್ ಕಾರ್ಟ್‌ರೈಟ್ ಗಾಯಗೊಂಡು ಹಿಂದೆ ಸರಿದಾಗ ಅವರನ್ನು ಸೇರಿಸಿದರು; ಆ ತಂಡ ತಮಗೆ ಬೇಡವೆಂದು ಅಲ್ಲಿಯ ಪ್ರಧಾನಿ ವೋರ್ಸ್ಟರ್ ಹೇಳಿದರು; ಪ್ರವಾಸ ರದ್ದಾಯಿತು. 1970ರ ನಂತರ ದಕ್ಷಿಣ ಆಫ್ರಿಕಾ ಎರಡು ದಶಕ ಅಂತರರಾಷ್ಟ್ರೀಯ ಕ್ರಿಕೆಟಿನಿಂದ ಹೊರಗುಳಿಯಿತು. ಮರಳಿ ಬಂದು ಆಡಿದ ಮೊದಲ ಪಂದ್ಯ ನಮ್ಮ ದೇಶದಲ್ಲಿಯೇ, 1991ರ ನವೆಂಬರ್ 10ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ನಡೆಯಿತು.

ಹೆಣ್ಣುಮಕ್ಕಳು ಕೇಳುತ್ತಿರುವಾಗ ಬರೀ ಗಂಡಸರ ಕಥೆಗಳನ್ನು ಹೇಳಿ ಮುಗಿಸಬಾರದು. ಟೆನಿಸ್ ಆಟಗಾರ್ತಿ ಆಲ್ಥಿಯಾ ಗಿಬ್ಸನ್ ಅವರಿಗೆ ಅಮೆರಿಕದ ರಾಷ್ಟ್ರೀಯ ಪಂದ್ಯಾವಳಿಯ ಬಾಗಿಲು ತೆರೆದದ್ದು 1950ರಲ್ಲಿ, ಅದೂ ಹಿಂದಿನ ಚಾಂಪಿಯನ್ ಆಲಿಸ್ ಮಾರ್ಬಲ್ ಟೆನಿಸ್ ಪತ್ರಿಕೆಯೊಂದರಲ್ಲಿ ಸಂಘವನ್ನು ಬಹಿರಂಗವಾಗಿ ತರಾಟೆಗೆ ತೆಗೆದುಕೊಂಡ ಮೇಲೆ. ಗಿಬ್ಸನ್ 1956ರಲ್ಲಿ ಫ್ರೆಂಚ್ ಪ್ರಶಸ್ತಿಯನ್ನೂ 1957 ಮತ್ತು 1958ರಲ್ಲಿ ವಿಂಬಲ್ಡನ್ ಪ್ರಶಸ್ತಿಯನ್ನೂ ಗೆದ್ದರು. ಆ ಕಾಲದ ಟೆನಿಸ್ ಹವ್ಯಾಸಿ ಆಟವಾಗಿದ್ದರಿಂದ ಗೆಲುವಿನಿಂದ ಹಣ ಬರಲಿಲ್ಲ. ಅವರು ಗಾಲ್ಫ್ ಕಲಿತು, 1964ರಲ್ಲಿ ಮಹಿಳೆಯರ ವೃತ್ತಿಪರ ಗಾಲ್ಫ್ ಪಂದ್ಯಾವಳಿಗಳ ಸರಣಿಗೆ ಸೇರಿದ ಮೊದಲ ಕಪ್ಪು ವರ್ಣೀಯ ಮಹಿಳೆಯಾದರು. ಅಲ್ಲಿಯೂ ಕೆಲವು ಕ್ಲಬ್ಬುಗಳು ಒಳಗೆ ಬಿಡದಿದ್ದಾಗ ಕಾರಿನಲ್ಲಿಯೇ ಬೂಟು ಬದಲಿಸಿಕೊಂಡು ಅಂಗಣಕ್ಕೆ ಇಳಿದರು. ಬಾಲಕಿಯರಿಗೆ ಬಟ್ಟೆ ಬದಲಿಸಲು ಕೋಣೆಯಿಲ್ಲದ ವಲಯ ಮಟ್ಟದ ಕ್ರೀಡಾಕೂಟಗಳನ್ನು ಕಂಡ ನಮ್ಮ ಹುಡುಗಿಯರಿಗೆ ಈ ವಿವರ ನೇರವಾಗಿ ತಟ್ಟುತ್ತದೆ.

ಪರೀಕ್ಷಿಸಿ ಹೇಳುವುದು

'ಮೊದಲಿಗ' ಎಂಬ ಪದವನ್ನು ಬಳಸುವ ಮುನ್ನ ಯಾವುದರಲ್ಲಿ ಮೊದಲು ಎಂದು ಕೇಳಿಕೊಳ್ಳಿ. ವಾಕರ್ ಅವರ ಕಾರಣಕ್ಕಾಗಿ ರಾಬಿನ್ಸನ್ನರನ್ನು ಆಧುನಿಕ ಕಾಲದ ದೊಡ್ಡ ಲೀಗಿನ ಮೊದಲಿಗ ಎನ್ನುವುದೇ ಸರಿ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗಿನಲ್ಲಿ 1950ರಲ್ಲಿ ಮೂವರು ಬಂದರು: ತಂಡವೊಂದು ಆಯ್ದುಕೊಂಡ ಮೊದಲ ಕಪ್ಪು ವರ್ಣೀಯ ಚಕ್ ಕೂಪರ್, ಆ ವರ್ಷವೇ ಒಪ್ಪಂದಕ್ಕೆ ಸಹಿ ಹಾಕಿದ ನ್ಯಾಟ್ ಕ್ಲಿಫ್ಟನ್, ಮತ್ತು ವೇಳಾಪಟ್ಟಿಯ ಕಾರಣದಿಂದ ಕೂಪರ್ ಅವರಿಗಿಂತ ಒಂದೇ ದಿನ ಮೊದಲು, ಅಕ್ಟೋಬರ್ 31ರಂದು ಅಂಗಣಕ್ಕಿಳಿದ ಅರ್ಲ್ ಲಾಯ್ಡ್.

ಮನಸ್ಸಿಗೆ ಹಿಡಿಸುವ ಘಟನೆಗಳ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಪ್ರೇಕ್ಷಕರು ಬೈಯುತ್ತಿದ್ದಾಗ ಬಿಳಿಯ ಸಹ ಆಟಗಾರ ಪೀ ವೀ ರೀಸ್ ಬಂದು ರಾಬಿನ್ಸನ್ನರ ಹೆಗಲ ಮೇಲೆ ಕೈ ಹಾಕಿ ನಿಂತ ಎಂಬ ಪ್ರಸಂಗಕ್ಕೆ ಪ್ರತಿಮೆಯೂ ಇದೆ. ಆದರೆ ಅದು ಯಾವ ವರ್ಷ, ಯಾವ ಊರಿನಲ್ಲಿ ನಡೆಯಿತು ಎಂಬ ಬಗ್ಗೆ ಹೇಳಿಕೆಗಳು ಒಂದಕ್ಕೊಂದು ಹೊಂದುವುದಿಲ್ಲ. ಇಬ್ಬರೂ ಗೆಳೆಯರಾಗಿದ್ದದ್ದು ಸತ್ಯ; ಅಷ್ಟನ್ನು ಹೇಳಿದರೆ ಸಾಕು. ಮೊಬೈಲಿನಲ್ಲಿ ಬಂದ ಚಿತ್ರದ ಕೆಳಗಿನ ಸಾಲನ್ನು ನಂಬಿ ಪಾಠ ಮಾಡಬೇಡಿ.

ಮಾತಿನಲ್ಲಿ ಮತ್ತು ನಡವಳಿಕೆಯಲ್ಲಿ ಎಚ್ಚರ

ನಮ್ಮ ತರಗತಿಗಳಲ್ಲಿ ಬಣ್ಣ ಸ್ವಲ್ಪ ಕಪ್ಪಾಗಿರುವ ಮಗುವಿಗೆ 'ಕರಿಯ' ಎಂಬ ಅಡ್ಡಹೆಸರು ಇದ್ದೇ ಇರುತ್ತದೆ. ಆದ್ದರಿಂದ ಕಥೆಯಲ್ಲಿ 'ಕರಿಯರು' ಎಂದು ಹೇಳಿದ ಕ್ಷಣವೇ ಹತ್ತು ತಲೆಗಳು ಆ ಮಗುವಿನ ಕಡೆಗೆ ತಿರುಗುತ್ತವೆ. 'ಕಪ್ಪು ವರ್ಣೀಯರು' ಅಥವಾ 'ಆಫ್ರಿಕನ್ ಅಮೆರಿಕನ್ನರು' ಎನ್ನಿ. 'ನೀಗ್ರೋ' ಎಂಬುದು ಆ ಲೀಗಿನ ಹೆಸರಿನಲ್ಲಿ ಇರುವುದರಿಂದ ಹೇಳಲೇಬೇಕಾಗುತ್ತದೆ. ಅದು ಆ ಕಾಲದ ಹೆಸರು, ಇಂದು ಮನುಷ್ಯರನ್ನು ಹಾಗೆ ಕರೆಯಬಾರದು ಎಂದು ಒಂದು ವಾಕ್ಯದಲ್ಲಿ ತಿಳಿಸಿ. ಚಾಪ್‌ಮನ್ ಏನೆಂದು ಕೂಗಿದ ಎಂದು ಮಕ್ಕಳು ಕೇಳಿದರೆ, ಆ ಪದಗಳು ಬೇಡ, ಅವಮಾನ ಮಾಡುವ ಮಾತುಗಳು ಎಂದರೆ ಸಾಕು.

ಕಿರುನಾಟಕ ಮಾಡಿಸುವಾಗ ರಾಬಿನ್ಸನ್ನರ ಪಾತ್ರಕ್ಕೆ ಕಪ್ಪು ಮಗುವನ್ನು ಹುಡುಕಬೇಡಿ, ಯಾರ ಮುಖಕ್ಕೂ ಮಸಿ ಬಳಿಯಬೇಡಿ. ಇದಕ್ಕಿಂತ ದೊಡ್ಡ ತಪ್ಪನ್ನು ನಾನೇ ಮಾಡಿದ್ದೇನೆ. ಬಾಳೂ ಅವರ ಕಥೆ ಮುಗಿದ ಮೇಲೆ, ಒಳ್ಳೆಯ ಉದ್ದೇಶದಿಂದಲೇ, ದಲಿತ ಕೇರಿಯ ಹುಡುಗನೊಬ್ಬನನ್ನು ಎಬ್ಬಿಸಿ, ನಿನಗೆ ಹೀಗೆ ಆಗಿದೆಯೇನಪ್ಪ ಎಂದು ಎಲ್ಲರ ಮುಂದೆ ಕೇಳಿದೆ. ಅವನು ತಲೆ ತಗ್ಗಿಸಿ ನಿಂತ, ಮರುದಿನ ಕಬಡ್ಡಿ ಅಭ್ಯಾಸಕ್ಕೆ ಬರಲಿಲ್ಲ. ಅವನನ್ನು ಮರಳಿ ಕರೆತರಲು ಮೂರು ವಾರ ಬೇಕಾಯಿತು. ಮಗು ತಾನಾಗಿ ಹೇಳಿದರೆ ಗಮನವಿಟ್ಟು ಕೇಳಿ. ಅದರ ನೋವನ್ನು ನಿಮ್ಮ ಪಾಠದ ಉದಾಹರಣೆ ಮಾಡಿಕೊಳ್ಳಬೇಡಿ. ಬೇಕಿದ್ದರೆ ಪ್ರಶ್ನೆಯನ್ನು ಇನ್ನೊಂದು ಕಡೆಯಿಂದ ಕೇಳಿ: ಪೆವಿಲಿಯನ್ನಿನೊಳಗೆ ಕುಳಿತು ಚಹಾ ಕುಡಿಯುತ್ತಿದ್ದ ಹತ್ತು ಮಂದಿ ಆಟಗಾರರಲ್ಲಿ ನೀವೊಬ್ಬರಾಗಿದ್ದರೆ ಏನು ಮಾಡುತ್ತಿದ್ದಿರಿ? ಈ ಪ್ರಶ್ನೆಗೆ ಕೈ ಎತ್ತದೆ, ಚೀಟಿಯಲ್ಲಿ ಹೆಸರಿಲ್ಲದೆ ಬರೆಯಲು ಹೇಳಿ.

ಕಥೆಯ ನಂತರ

ಚೀಟಿಗಳಿಂದ ಗೋಡೆಪತ್ರಿಕೆ ಮಾಡಿಸಿ. ಒಂದು ಕಡೆ ಬಾಳೂ ಅವರ ಮಣ್ಣಿನ ಕುಡಿಕೆ, ಇನ್ನೊಂದು ಕಡೆ ರಾಬಿನ್ಸನ್ನರ 42, ನಡುವೆ ಮಕ್ಕಳ ಉತ್ತರಗಳು. ಚಿತ್ರ ಬಿಡಿಸಬಲ್ಲ ಮಗು ಪ್ರತಿ ತರಗತಿಯಲ್ಲಿಯೂ ಇರುತ್ತದೆ. ದೊಡ್ಡ ಮಕ್ಕಳಿಗೆ ಸಂವಿಧಾನದ 15 ಮತ್ತು 17ನೆಯ ವಿಧಿಗಳನ್ನು ಓದಿಸಿ, ಬಾಳೂ ಅವರಿಗೆ ಆದದ್ದರಲ್ಲಿ ಯಾವುದು ಇಂದು ಅಪರಾಧ ಎಂದು ಗುರುತಿಸಲು ಹೇಳಿ.

ಇನ್ನೊಂದು ಕೆಲಸ ದೊಡ್ಡವರದು. ಮುಂದಿನ ಪಂದ್ಯಾವಳಿಯನ್ನು ನೀವೇ ನಡೆಸುವಾಗ ನೀರಿನ ಕ್ಯಾನು ಮತ್ತು ಲೋಟಗಳನ್ನು ಎಲ್ಲಿಟ್ಟಿದ್ದೀರಿ, ಅಡುಗೆ ಯಾರು ಮಾಡುತ್ತಾರೆ, ತಂಡಗಳನ್ನು ರಾತ್ರಿ ಯಾರ ಮನೆಗಳಲ್ಲಿ ಮಲಗಿಸುತ್ತೀರಿ, ಅಂಗಣ ಗುಡಿಸಲು ಪ್ರತಿ ಸಲ ಒಂದೇ ಕೇರಿಯ ಹುಡುಗರನ್ನು ಕಳುಹಿಸುತ್ತೀರೋ ಎಂಬುದನ್ನು ಹಿಂದಿನ ಸಂಜೆಯೇ ಒಮ್ಮೆ ನೋಡಿಕೊಳ್ಳಿ. ಮಕ್ಕಳು ಇವನ್ನೆಲ್ಲ ನಮಗಿಂತ ಮೊದಲು ಗಮನಿಸಿರುತ್ತಾರೆ. ನಾನು ನಡೆಸಿದ ಕೂಟಗಳಲ್ಲಿ ಗುಡಿಸುವ ಪಾಳಿಯನ್ನು ತಂಡಗಳ ನಡುವೆ ಚೀಟಿ ಎತ್ತಿ ಹಂಚಲು ಆರಂಭಿಸಿದಾಗ ಇಬ್ಬರು ಪೋಷಕರು ಬಂದು ಜಗಳ ಮಾಡಿದರು. ಚೀಟಿ ಎತ್ತುವುದನ್ನು ನಾನು ನಿಲ್ಲಿಸಲಿಲ್ಲ, ಮೂರನೆಯ ವರ್ಷದ ಹೊತ್ತಿಗೆ ಯಾರೂ ಬರಲಿಲ್ಲ.

ರಾಬಿನ್ಸನ್ ಆಮೇಲೆ ಏನಾದರು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ, ಆ ಉತ್ತರವನ್ನು ಸಿದ್ಧವಾಗಿಟ್ಟುಕೊಂಡಿರಿ. 1956ರ ಋತುವಿನ ನಂತರ ಆಟ ಬಿಟ್ಟರು, ನಾಗರಿಕ ಹಕ್ಕುಗಳ ಹೋರಾಟದಲ್ಲಿ ತೊಡಗಿದರು, ಮಧುಮೇಹದಿಂದ ಕಣ್ಣಿನ ದೃಷ್ಟಿ ಬಹುತೇಕ ಹೋಯಿತು. 1972ರ ಅಕ್ಟೋಬರ್ 15ರಂದು ಅವರನ್ನು ಸನ್ಮಾನಿಸಲು ಸಿನ್ಸಿನಾಟಿಯ ಅಂಗಣಕ್ಕೆ ಕರೆದಾಗ, ಸಂತೋಷವಾಗಿದೆ, ಆದರೆ ತಂಡವನ್ನು ನಡೆಸುವ ವ್ಯವಸ್ಥಾಪಕನ ಜಾಗದಲ್ಲಿ ಒಂದು ಕಪ್ಪು ಮುಖ ಕಂಡ ದಿನ ಇನ್ನೂ ಹೆಚ್ಚು ಸಂತೋಷವಾಗುತ್ತದೆ ಎಂಬ ಅರ್ಥದ ಮಾತನ್ನು ಎಲ್ಲರ ಮುಂದೆ ಹೇಳಿದರು. ಒಂಬತ್ತು ದಿನಗಳ ನಂತರ, 53ನೆಯ ವಯಸ್ಸಿನಲ್ಲಿ, ತೀರಿಕೊಂಡರು. ದೊಡ್ಡ ಲೀಗಿನ ಮೊದಲ ಕಪ್ಪು ವರ್ಣೀಯ ವ್ಯವಸ್ಥಾಪಕರಾಗಿ ಫ್ರಾಂಕ್ ರಾಬಿನ್ಸನ್ ಕ್ಲೀವ್‌ಲ್ಯಾಂಡಿನಲ್ಲಿ ಅಂಗಣಕ್ಕೆ ಬಂದದ್ದು 1975ರ ಏಪ್ರಿಲ್ 8ರಂದು.